ಏಳನೇ ಕ್ಯಾಸೆಟಿನ ಬಿ ಸೈಡ್

ಅರುವತ್ತೇಳನೇ ವಯಸ್ಸಿನಲ್ಲಿ ಮೂಡುಬಿದಿರೆಯ ಶೇಖರಣ್ಣನಿಗೆ ಸ್ವರ ಕತ್ತರಿಸುವ ತಂತ್ರಾಂಶವೊಂದು ಬೇಕಾಯಿತು, ಅದೂ ಹೆಂಡತಿ ಮಕ್ಕಳಿಗೆ ಗೊತ್ತಾಗದ ಹಾಗೆ. ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತು ವರ್ಷ ಹೋಟೆಲ್ ನಡೆಸಿ, ಈಗ ಅದನ್ನು ಮಗ ಮನೀಷನ ಕೈಗೆ ಕೊಟ್ಟು ಕುಳಿತ ಮನುಷ್ಯ. ದೋಸೆಯ ಕಾವಲಿಯಿಂದ ಹಿಡಿದು ಗ್ರೈಂಡರಿನ ಕಲ್ಲಿನವರೆಗೆ ಎಲ್ಲವನ್ನೂ ತಟ್ಟಿ, ಸವರಿ, ಮೂಸಿ ನೋಡಿ ಆರಿಸಿದವರು. ತಟ್ಟಲಿಕ್ಕೂ ಮೂಸಲಿಕ್ಕೂ ಸಿಗದ ವಸ್ತುವನ್ನು ಹೇಗೆ ಆರಿಸುವುದೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಕಾರಣ ಒಂದು ಕ್ಯಾಸೆಟ್. ಶೇಖರಣ್ಣನ ತಾಯಿ ಅಮ್ಮಣಿಯಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷಾಂತಿಕಕ್ಕೆ ಮುಂಚೆ ವಾಮದಪದವಿನ ಮೂಲಮನೆಯಲ್ಲಿ ಅವರ ಕಬ್ಬಿಣದ ಪೆಟ್ಟಿಗೆ ತೆರೆದಾಗ, ತಂದೆ ಧರ್ಣಪ್ಪಣ್ಣನ ಶಾಲಿನಲ್ಲಿ ಸುತ್ತಿಟ್ಟ ಕ್ಯಾಸೆಟ್ ಸಿಕ್ಕಿತು. ಅದರ ಮೇಲೆ ಹಸಿರು ಶಾಯಿಯಲ್ಲಿ ‘ಊರಿಗೆ – ೭’ ಎಂದು ಶೇಖರಣ್ಣನದೇ ಅಕ್ಷರ. ಅದರ ಕೆಳಗೆ ಅಣ್ಣ ವಸಂತನ ಅಕ್ಷರದಲ್ಲಿ ‘ಎ ಸೈಡ್ – ಅಪ್ಪ ಮಾತಾಡಿದ್ದು’.

ಮಗಳು ಸುಪ್ರೀತಾ ಬೆಳ್ತಂಗಡಿಯಲ್ಲಿ ಟೀಚರು. ಅವಳು ಆ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟಳು. “ಅಜ್ಜನ ಸ್ವರ ಹೇಗಿತ್ತು ಅಂತ ನನಗೆ ನೆನಪೇ ಇಲ್ಲ ಪಪ್ಪ. ಇದನ್ನು ಕಂಪ್ಯೂಟರಿಗೆ ಹಾಕಿಸುವ. ಅಜ್ಜಿಯ ವರ್ಷಾಂತಿಕದ ದಿನ ಎಲ್ಲರೂ ಕೂತು ಕೇಳುವ. ಬಿ ಸೈಡಿನಲ್ಲಿ ನಿಮ್ಮ ಗಲ್ಫಿನ ಸ್ವರವೂ ಇರಬೇಕಲ್ಲ, ಅದನ್ನೂ ಕೇಳುವ.”

ಬಿ ಸೈಡಿನಲ್ಲಿ ಏನುಂಟೆಂದು ಶೇಖರಣ್ಣನಿಗೆ ಗೊತ್ತಿತ್ತು. ಹೆಂಡತಿ ರಾಜೀವಿಯಕ್ಕ ಮಾತ್ರ ಕ್ಯಾಸೆಟನ್ನು ಒಮ್ಮೆ ನೋಡಿ, ಮುಖ ತಿರುಗಿಸಿ, “ಬಿ ಸೈಡ್ ಎಂತಕ್ಕೆ? ಅದರಲ್ಲಿ ಇವರು ಉಪ್ಪಿನಕಾಯಿ ಕಳಿಸಿ ಅಂತ ಹೇಳಿದ್ದು ಬಿಟ್ಟರೆ ಮತ್ತೇನೂ ಇಲ್ಲ” ಎಂದರು. ಅಂದಿನಿಂದ ಒಂದು ವಾರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು. ಹೋಟೆಲಿನವರ ನಾಲಿಗೆಗೆ ಅದು ತಿಳಿಯದೇ ಇರುತ್ತದೆಯೇ. ತಿಳಿದರೂ ಅವರು ಮಜ್ಜಿಗೆ ಸುರಿದುಕೊಂಡು ಉಂಡರು.

ಈ ಕ್ಯಾಸೆಟುಗಳ ಕಥೆಯನ್ನು ಈಗಿನವರಿಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಶೇಖರಣ್ಣ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಇದ್ದರು. ಆಗ ಫೋನು ದುಬಾರಿ, ಕಾಗದ ಬರೆಯಲು ಸೋಮಾರಿತನ. ಹಾಗಾಗಿ ಗಲ್ಫಿನವರು ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಊರಿನವರು ಅದನ್ನು ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿಸಿ ವಾಪಸು ಕಳಿಸುತ್ತಿದ್ದರು. ಕ್ಯಾಸೆಟ್ ಬಂದ ದಿನ ಮನೆಯವರೆಲ್ಲ ಚಾವಡಿಯಲ್ಲಿ ಸೇರುವುದು, ಜೊತೆಗೆ ನೆರೆಮನೆಯವರು. ಶೇಖರಣ್ಣ ಆ ಕಡೆಯಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ವಿಚಾರಿಸುವುದು: ಅಪ್ಪ, ಅಮ್ಮ, ವಸಂತಣ್ಣ, ಎಮ್ಮೆ, ಎಮ್ಮೆಯ ಕರು. ಕೊನೆಗೆ, “ಅಮ್ಮ, ರಾಜೀವಿಯನ್ನು ಕೇಳಿದೆ ಅಂತ ಹೇಳಿ.” ರಾಜೀವಿ ಟೇಪ್‌ರೆಕಾರ್ಡರಿನ ಪಕ್ಕದಲ್ಲೇ, ಸಡಿಲವಾದ ವಯರನ್ನು ಅದುಮಿ ಹಿಡಿದುಕೊಂಡು ಕುಳಿತಿರುತ್ತಿದ್ದರು. ಎಮ್ಮೆಯ ಕರುವಿನ ನಂತರ ತನ್ನ ಸರದಿ ಎಂಬ ವಿಚಾರವನ್ನು ಅವರು ಈವರೆಗೆ ಮರೆತಿಲ್ಲ.

ಪಾಪ, ಶೇಖರಣ್ಣನಿಗೂ ಬೇಸರವಿತ್ತು. ತೊಂಬತ್ತೆರಡರ ರಜೆಯಲ್ಲಿ ಬಾವಿಕಟ್ಟೆಯ ಹತ್ತಿರ ಅವರು ಹೆಂಡತಿಗೆ ಒಂದು ಗುಟ್ಟು ಹೇಳಿದ್ದರು. “ಬಿ ಸೈಡಿನಲ್ಲಿ ನನ್ನ ಮಾತು ಮುಗಿದ ಮೇಲೆ ಎಲ್ಲರೂ ಏಳ್ತಾರೆ. ನೀನು ಆಮೇಲೆ ಒಬ್ಬಳೇ ಇರುವಾಗ ಟೇಪನ್ನು ಹಾಗೇ ಓಡಿಸಿ ನೂರು ಎಣಿಸು. ನೂರಾದ ಮೇಲೆ ನಿನಗೆ ಮಾತ್ರ ಹೇಳ್ತೇನೆ.”

ಹೇಳಿದ್ದೇನೋ ಹೌದು. ಆದರೆ ಮಸ್ಕತ್ತಿಗೆ ಹೋಗಿ ಕುಳಿತರೆ, ಒಂದೇ ಕೋಣೆಯಲ್ಲಿ ಎಂಟು ಜನ. ಅವರ ನಡುವೆ ಹೆಂಡತಿಯೊಡನೆ ಮಾತಾಡಲು ಯಾವ ಗಂಡಸಿಗೆ ಧೈರ್ಯ ಬರುತ್ತದೆ? ಆ ರಜೆಯ ನಂತರ ಹೊಸದಾಗಿ ನಂಬರು ಹಾಕಿ ಕಳಿಸಿದ ಆರು ಕ್ಯಾಸೆಟ್ ಹಾಗೆಯೇ ಹೋದವು. ಏಳನೆಯದರಲ್ಲಿ, ಒಂದು ಮಧ್ಯಾಹ್ನ ಕೋಣೆ ಖಾಲಿಯಿದ್ದಾಗ, ಶೇಖರಣ್ಣ ಮನಸ್ಸು ಬಿಚ್ಚಿದರು. ‘ನನಗೆ ಇಲ್ಲಿ ಸಾಕಾಗಿದೆ ರಾಜಿ. ಮನೆಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ನೀನು ಬನ್ನಿ ಅಂತ ಒಂದು ಮಾತು ಹೇಳು, ಮುಂದಿನ ತಿಂಗಳೇ ಬರ್ತೇನೆ. ಒಂದು ಚಾದ ಅಂಗಡಿ ಇಟ್ಟಾದರೂ ಬದುಕುವ’ ಎಂದರು. ಅಷ್ಟೇ ಆಗಿದ್ದರೆ ಸರಿ. ಹೇಳುತ್ತಾ ಹೇಳುತ್ತಾ ಮೂಗು ಸೋರಿ, ಮಕ್ಕಳ ಹಾಗೆ ಅತ್ತೂ ಬಿಟ್ಟರು.

ಆ ಕ್ಯಾಸೆಟಿಗೆ ಉತ್ತರ ಬರಲಿಲ್ಲ. ಕ್ಯಾಸೆಟ್ ಊರು ಮುಟ್ಟಿದ ಹದಿನೈದು ದಿನಕ್ಕೆ ತಂದೆ ತೀರಿಕೊಂಡರು. ಪಾಸ್‌ಪೋರ್ಟು ಧಣಿಯ ಕೈಯಲ್ಲಿದ್ದ ಕಾರಣ ಶೇಖರಣ್ಣನಿಗೆ ಬರಲಾಗಲಿಲ್ಲ. ಹದಿಮೂರನೇ ದಿನದ ಬೊಜ್ಜ ಮುಗಿದ ಮೇಲೆ, ಅದೇ ಹೋಟೆಲಿನ ಇಬ್ರಾಹಿಂ ಖಲೀಲ್ ರಜೆ ಮುಗಿಸಿ ಮನೆಯ ಪಾರ್ಸೆಲ್ ತಂದ. ಅದರಲ್ಲಿ ಹಲಸಿನ ಹಪ್ಪಳವಿತ್ತು, ಉಪ್ಪಿನಕಾಯಿಯಿತ್ತು, ಕ್ಯಾಸೆಟ್ ಇರಲಿಲ್ಲ. ರಾಜೀವಿ ಕೇಳಿಸಿಕೊಂಡಿರಲಿಕ್ಕಿಲ್ಲ, ಅಥವಾ ಕೇಳಿಸಿಕೊಂಡು ಬರುವುದು ಬೇಡ ಎಂದುಕೊಂಡಿರಬೇಕು. ಮೊದಲನೆಯದಾದರೆ ಮತ್ತೊಮ್ಮೆ ಹೇಳುವ ಧೈರ್ಯವಿಲ್ಲ, ಎರಡನೆಯದಾದರೆ ಕೇಳಿ ಪ್ರಯೋಜನವಿಲ್ಲ. ಮುಂದೆ ರಜೆಯಲ್ಲಿ ಬಂದಾಗ ಒಂದು ಮಾತು ಕೇಳಬಹುದಿತ್ತು. ಕೇಳಿ, ‘ಬೇಡ’ ಎಂಬುದೇ ಗಟ್ಟಿಯಾಗಿಬಿಟ್ಟರೆ? ಕೇಳಲಿಲ್ಲ. ಇನ್ನೂ ಆರು ವರ್ಷ ಅಲ್ಲಿಯೇ ದುಡಿದು, ಎರಡು ಸಾವಿರನೇ ಇಸವಿಯಲ್ಲಿ ತಾವಾಗಿಯೇ ಬಂದರು.

ಬಂದ ಮೇಲೆ ಸಂಸಾರ ಚೆನ್ನಾಗಿಯೇ ನಡೆಯಿತು. ಜಗಳಕ್ಕೆ ಬೇಕಾದಷ್ಟು ಜಗಳ, ನಗುವಿಗೆ ಬೇಕಾದಷ್ಟು ನಗು. ಒಂದೇ ಒಂದು ವಿಚಿತ್ರ. ರಾಜೀವಿಯಕ್ಕ “ಅನ್ನ ಬಡಿಸಿದ್ದೇನೆ” ಎನ್ನುತ್ತಾರೆ, “ಚಾ ಆಗಿದೆ” ಎನ್ನುತ್ತಾರೆ, “ಬಸ್ಸು ಬಂತು” ಎನ್ನುತ್ತಾರೆ. ಊರಿನವರನ್ನೆಲ್ಲ ಬನ್ನಿ ಬನ್ನಿ ಎಂದು ಕರೆದು ಮಣೆ ಹಾಕುವ ಹೆಂಗಸು, ಗಂಡನನ್ನು ಮಾತ್ರ ಒಂದು ದಿನವೂ ‘ಬನ್ನಿ’ ಎಂದು ಕರೆದದ್ದಿಲ್ಲ. ಶೇಖರಣ್ಣ ಇದನ್ನು ಗಮನಿಸಿದ್ದರು. ಮನಸ್ಸಿನಲ್ಲಿ ಅದೊಂದು ಮುಳ್ಳು, ದೊಡ್ಡದೇನಲ್ಲ, ಆದರೆ ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು. ಈಗ ಕ್ಯಾಸೆಟಿನ ಆ ಅಳುವನ್ನು ಇಡೀ ಕುಟುಂಬ, ಮಗ ಸೊಸೆ ಅಳಿಯ ಎಲ್ಲ, ಪಾಯಸ ತಿಂದು ಕೂತು ಕೇಳುವುದೆಂದರೆ?

ಹಾಗಾಗಿ ಅವರು ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದರು. ಖಲೀಲನಿಗೆ ಅಲ್ಲಿ ಪೇಟೆಯಲ್ಲಿ ಅಂಗಡಿ. ಮಸ್ಕತ್ತಿನಿಂದ ಬಂದ ಹೊಸತರಲ್ಲಿ ಕ್ಯಾಸೆಟ್ ಮಾರುತ್ತಿದ್ದ, ಆಮೇಲೆ ಸಿಡಿ, ಈಗ ಮೊಬೈಲು ಮತ್ತು ಕಂಪ್ಯೂಟರ್ ರಿಪೇರಿ. ಹಳೆಯ ಕ್ಯಾಸೆಟುಗಳನ್ನು ಕಂಪ್ಯೂಟರಿಗೆ ಹಾಕಿ ಕೊಡುವ ಯಂತ್ರವನ್ನೂ ಇಟ್ಟಿದ್ದಾನೆ.

“ನೀನು ಇದನ್ನು ಪೆನ್‌ಡ್ರೈವಿಗೆ ಹಾಕು ಮಾರಾಯ. ಆದರೆ ಸ್ವರ ಕೇಳದ ಹಾಗೆ ಹಾಕಬೇಕು” ಎಂದರು ಶೇಖರಣ್ಣ.

“ಸ್ವರ ಕೇಳದೆ ಸ್ವರ ತುಂಬಿಸುವುದಾ?” ಖಲೀಲ್ ಕನ್ನಡಕ ಮೇಲೆತ್ತಿದ. ಆಮೇಲೆ ಹಳೆಯ ಗೆಳೆಯನ ಕಿವಿ ಕೆಂಪಾದದ್ದು ನೋಡಿ ಹೆಚ್ಚು ಕೇಳಲಿಲ್ಲ. “ಆಯ್ತು. ಸ್ಪೀಕರ್ ಬಂದ್ ಮಾಡ್ತೇನೆ. ಮುಳ್ಳು ಆಡುವುದು ಮಾತ್ರ ನೋಡ್ತೇನೆ. ಮುಳ್ಳಿಗೆ ಕನ್ನಡ ಬರುವುದಿಲ್ಲ.”

“ಅದರಲ್ಲಿ ಸ್ವಲ್ಪ ಭಾಗ ಕತ್ತರಿಸಲಿಕ್ಕೆ ಉಂಟು. ಅದನ್ನು ನಾನೇ ಮನೆಯಲ್ಲಿ ಮಾಡ್ತೇನೆ. ಯಾವ ತಂತ್ರಾಂಶ ಒಳ್ಳೆಯದು?”

ಖಲೀಲ್ ಒಂದೊಂದನ್ನೇ ತೋರಿಸಿದ. ಮೊದಲು ಮೊಬೈಲಿನ ಒಂದು ಆ್ಯಪ್. ಬೆರಳಿನಲ್ಲಿ ಎಳೆದರೆ ಸ್ವರ ತುಂಡಾಗುತ್ತದೆ. ಶೇಖರಣ್ಣನಿಗೆ ಅದು ಹಿಡಿಸುವಷ್ಟರಲ್ಲಿ, ಕತ್ತರಿಯ ಗುರುತಿನ ಪಕ್ಕದಲ್ಲೇ ಎಲ್ಲರಿಗೂ ಹಂಚುವ ಗುರುತು ಕಂಡಿತು. ಕಳೆದ ವರ್ಷ ಗ್ಯಾಸಿನವನಿಗೆ ಬೈದ ವಾಯ್ಸ್ ಮೆಸೇಜನ್ನು ಅವರು ಭಜನಾ ಮಂಡಳಿಯ ಗ್ರೂಪಿಗೆ ಕಳಿಸಿ, ಮೂರು ವಾರ ಭಜನೆಗೆ ಮುಖ ತೋರಿಸಿರಲಿಲ್ಲ. “ಇದು ಬೇಡ” ಎಂದರು.

ಎರಡನೆಯದು ಇಂಟರ್ನೆಟ್ಟಿನಲ್ಲೇ ಕತ್ತರಿಸುವಂಥದ್ದು. ಏನೂ ತುಂಬಿಸಿಕೊಳ್ಳಬೇಕಾಗಿಲ್ಲ, ಫೈಲನ್ನು ಅಲ್ಲಿಗೆ ಕಳಿಸಿದರೆ ಆಯಿತು. “ಅಲ್ಲಿಗೆ ಅಂದರೆ ಎಲ್ಲಿಗೆ?” ಎಂದು ಕೇಳಿದರು ಶೇಖರಣ್ಣ.

“ಎಲ್ಲಿಗೋ. ಅಮೆರಿಕಕ್ಕೋ ಎಂತದೋ.”

“ಅಮ್ಮನಿಗೆ ಕೇಳಬಾರದು ಅಂತ ಅಡಗಿಸಿಟ್ಟದ್ದನ್ನು ಅಮೆರಿಕಕ್ಕೆ ಕಳಿಸುವುದಾ? ಮುಂದಿನದ್ದು ತೋರಿಸು.”

ಮೂರನೆಯದು ಸ್ಟುಡಿಯೋದವರು ಬಳಸುವಂಥದ್ದು. ಪರದೆಯ ತುಂಬ ಗುಂಡಿ, ಚಕ್ರ, ಪಟ್ಟಿ. ತಿಂಗಳು ತಿಂಗಳು ಚಂದಾ ಕಟ್ಟಬೇಕು. ಇಬ್ಬರ ಗಂಜಿಗೆ ಮದುವೆ ಚಪ್ಪರದ ಹಂಡೆ ಎಂದುಕೊಂಡು ಶೇಖರಣ್ಣ ತಲೆ ಅಲ್ಲಾಡಿಸಿದರು.

ಕೊನೆಯದು ಆಡಾಸಿಟಿ. “ಇದು ಪುಕ್ಕಟೆ. ಧರ್ಮಸ್ಥಳದ ಊಟದ ಹಾಗೆ, ನೀವು ಯಾರು, ಎಲ್ಲಿಂದ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ನೋಡಲಿಕ್ಕೆ ಅಷ್ಟೇನೂ ಚಂದ ಇಲ್ಲ. ನೀವೇ ಕಲಿತುಕೊಳ್ಳಬೇಕು, ಶೇಖರಣ್ಣ” ಎಂದ ಖಲೀಲ್.

ಹೋಟೆಲಿಗೆ ಹೊಸ ಅಡುಗೆಯವನು ಬಂದರೆ ಶೇಖರಣ್ಣ ಅವನ ಕೈಯಲ್ಲಿ ದೊಡ್ಡ ದೊಡ್ಡ ಅಡುಗೆ ಮಾಡಿಸುತ್ತಿರಲಿಲ್ಲ. ಬೇಕೆಂದೇ ಉಪ್ಪು ಸುರಿದ ಒಂದು ಪಾತ್ರೆ ಸಾಂಬಾರನ್ನು ಮುಂದಿಟ್ಟು, ‘ಇದನ್ನು ಸರಿ ಮಾಡು’ ಎನ್ನುತ್ತಿದ್ದರು. ಅಡುಗೆ ಎಲ್ಲರಿಗೂ ಬರುತ್ತದೆ, ಕೆಟ್ಟದ್ದನ್ನು ಸರಿ ಮಾಡುವವನೇ ಅಡುಗೆಯವನು ಎಂಬುದು ಅವರ ಲೆಕ್ಕ. ಈಗಲೂ ಅದೇ ಪರೀಕ್ಷೆ ಇಟ್ಟರು. “ಒಂದು ಭಜನೆ ಹಾಕು. ನಾನು ಮಧ್ಯದ ಸಾಲನ್ನು ಹಾಳು ಮಾಡ್ತೇನೆ. ಅದನ್ನು ಮೊದಲಿನ ಹಾಗೆ ಮಾಡಲಿಕ್ಕೆ ಆಗ್ತದಾ ನೋಡುವ.”

ಭಜನೆಯ ಮಧ್ಯದ ಸಾಲನ್ನು ಅವರು ಅಳಿಸಿದರು. ಖಲೀಲ್ ಎರಡು ಕೀ ಒಟ್ಟಿಗೆ ಒತ್ತಿದ. ಸಾಲು ತಾಳ ಸಮೇತ ಇದ್ದಲ್ಲಿಗೇ ಬಂದು ಕೂತಿತು. ಶೇಖರಣ್ಣ ಐದು ಸಲ ಅಳಿಸಿದರು, ಐದು ಸಲವೂ ಬಂತು. “ಇವನೇ ಅಡುಗೆಯವ” ಎಂದರು.

“ಒಂದು ಮಾತು ನೆನಪಿಟ್ಟುಕೊಳ್ಳಿ. ಕತ್ತರಿಸಿದ ಮೇಲೆ ಬೆಸುಗೆಯ ಆಚೆ ಈಚೆ ಎರಡು ಸೆಕೆಂಡ್ ಕೇಳಬೇಕು. ಕೇಳದೆ ಉಳಿಸಬೇಡಿ” ಎಂದು ಖಲೀಲ್ ಪೆನ್‌ಡ್ರೈವಿಗೆ ಆಡಾಸಿಟಿಯನ್ನೂ ಹಾಕಿಕೊಟ್ಟು, ಅಳಿಸಿದ್ದನ್ನು ವಾಪಸು ತರುವ ಕೀಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಎಚ್ಚರಿಸಿದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ರಾಜೀವಿಯಕ್ಕ ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದರು. ಶೇಖರಣ್ಣ ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನು ಕೋಣೆಗೆ ಒಯ್ದು, ಬಾಗಿಲು ಅರ್ಧ ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತರು.

ಎ ಸೈಡಿನಲ್ಲಿ ಅಪ್ಪನ ಸ್ವರ. “ಶೇಖರಾ, ಬಾವಿಯಲ್ಲಿ ನೀರು ಒಳ್ಳೆದುಂಟು. ನೀನು ಹೊಟ್ಟೆ ತುಂಬ ಊಟ ಮಾಡು” ಎಂದು ಅಪ್ಪ ಹೇಳಿದ್ದನ್ನು ಶೇಖರಣ್ಣ ಮತ್ತೊಮ್ಮೆ ಹಾಕಿ ಕೇಳಿದರು. ಅಮ್ಮ ಇದನ್ನು ಯಾಕೆ ಶಾಲಿನಲ್ಲಿ ಸುತ್ತಿಟ್ಟರು ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಗಂಡನ ಸ್ವರ ಉಳಿದದ್ದು ಅದೊಂದರಲ್ಲೇ. ಅದನ್ನು ಸಮುದ್ರದ ಆಚೆಗೆ ಕಳಿಸಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ಕಟ್ಟಿದ ಪಾರ್ಸೆಲನ್ನು ಬಿಚ್ಚಿ ತೆಗೆದಿಟ್ಟಿರಬೇಕು.

ಬಿ ಸೈಡ್ ಹಾಕಿದರು. ಪರದೆಯ ಮೇಲೆ ಸ್ವರವೆಲ್ಲ ನೀಲಿ ಬಣ್ಣದ ಚಿತ್ರ. ತಮ್ಮ ಮೂವತ್ತೇಳನೇ ವಯಸ್ಸಿನ ಸ್ವರ ಎಮ್ಮೆಯನ್ನು ವಿಚಾರಿಸಿತು, ಕರುವನ್ನು ವಿಚಾರಿಸಿತು, ರಾಜೀವಿಯನ್ನು ಕೇಳಿದೆ ಎಂದು ಹೇಳಿ ಎಂದಿತು. ಆಮೇಲೆ ನೀಲಿ ಕಡಿಮೆಯಾಗಿ ಒಂದು ಸಪೂರ ಗೆರೆ ಉಳಿಯಿತು. ಅದು ನೂರು ಎಣಿಸುವ ಜಾಗ. ಗೆರೆ ಮುಗಿದಲ್ಲಿ ಮತ್ತೆ ನೀಲಿ ಎದ್ದು ನಿಂತಿತ್ತು.

ಶೇಖರಣ್ಣ ಪ್ಲೇ ಒತ್ತಲಿಲ್ಲ. ತಮ್ಮ ಅಳುವನ್ನು ತಾವೇ ಕೇಳುವ ಧೈರ್ಯ ಅವರಿಗಿರಲಿಲ್ಲ. ಮೌಸ್ ಹಿಡಿದು ಆ ನೀಲಿಯನ್ನು ಪೂರ್ತಿ ಗುರುತು ಮಾಡಿದೆ ಎಂದುಕೊಂಡು, ದೇವರನ್ನು ನೆನೆದು ಡಿಲೀಟ್ ಒತ್ತಿದರು. ಮೂವತ್ತು ವರ್ಷದ ನಾಚಿಕೆ ಒಂದು ಕ್ಷಣದಲ್ಲಿ ಹೋಯಿತು. ಅಬ್ಬ ಎಂದು ಬೆನ್ನು ಕುರ್ಚಿಗೆ ಆನಿಸಿದರು.

ಆಗ ಖಲೀಲನ ಮಾತು ನೆನಪಾಯಿತು. ಬೆಸುಗೆಯ ಆಚೆ ಈಚೆ ಎರಡು ಸೆಕೆಂಡ್ ಕೇಳಬೇಕು. ಮೌಸ್ ಹಿಡಿದು ಅಭ್ಯಾಸವಿಲ್ಲದ್ದರಿಂದ ನೀಲಿಯ ಮೊದಲ ತುದಿ ಒಂದಿಷ್ಟು ಉಳಿದುಕೊಂಡಿತ್ತು. ಪ್ಲೇ ಒತ್ತಿದರು.

ಬಳೆಯ ಸದ್ದು ಬಂತು. ಯಾರೋ ಮೆಲ್ಲನೆ ಗಂಟಲು ಸರಿಮಾಡಿಕೊಂಡರು.

ಶೇಖರಣ್ಣ ಮತ್ತೊಮ್ಮೆ ಒತ್ತಿದರು. ಮತ್ತೆ ಬಳೆ. ಮಸ್ಕತ್ತಿನ ಕೋಣೆಯಲ್ಲಿ ಎಂಟು ಗಂಡಸರಿದ್ದರು, ಬಳೆ ಹಾಕಿದವರು ಯಾರೂ ಇರಲಿಲ್ಲ.

ಅಳಿಸಿದ್ದನ್ನು ವಾಪಸು ತರುವ ಎರಡು ಕೀ ಯಾವುವೆಂದು ತಕ್ಷಣ ನೆನಪಾಗಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಖಲೀಲನ ಚೀಟಿ ತೆಗೆದು ನೋಡಿ ಒತ್ತಿದರು. ನೀಲಿ ಇದ್ದಲ್ಲಿಗೇ ಬಂದು ನಿಂತಿತು. ಈ ಸಲ ಅವರು ಮೊದಲಿನಿಂದ ಕೇಳಿದರು.

“ಕೇಳ್ತದಾ? ನಾನು ರಾಜೀವಿ. ಎಲ್ಲರೂ ಗದ್ದೆಗೆ ಹೋಗಿದ್ದಾರೆ, ಅದಕ್ಕೆ ಈಗ ಮಾತಾಡ್ತೇನೆ. ಆರು ಕ್ಯಾಸೆಟಿನಲ್ಲಿಯೂ ನೂರು ನೂರು ಎಣಿಸಿದ್ದೇನೆ, ಏನೂ ಇರಲಿಲ್ಲ. ನಿಮಗೆ ಮರೆತುಹೋಗಿದೆ ಅಂದುಕೊಂಡೆ. ಈ ಸಲ ಎಂಬತ್ತಕ್ಕೇ ಎದ್ದು ಹೋಗುವವಳಿದ್ದೆ.” ಮೂಗು ಎಳೆದ ಸದ್ದು. “ನೀವು ಅಳಬೇಡಿ. ನೀವು ಹೇಳಿದ್ದರ ಮೇಲೆಯೇ ನಾನು ಮಾತಾಡ್ತಾ ಇದ್ದೇನೆ, ಬೇರೆ ಯಾರೂ ಅದನ್ನು ಕೇಳಬಾರದು ಅಂತ. ನಾನು ಕೇಳಿ ಆಗಿದೆ, ಅದು ಸಾಕು. ಚಾದ ಅಂಗಡಿ ಇಡುವ. ಪಾತ್ರೆ ನಾನು ತೊಳೆಯುತ್ತೇನೆ. ಹಣ ಎಲ್ಲ ಆಮೇಲೆ ನೋಡುವ. ಬನ್ನಿ. ಮುಂದಿನ ತಿಂಗಳು ಅಂತ ಇಲ್ಲ, ಆದಷ್ಟು ಬೇಗ ಬನ್ನಿ.”

ಟಕ್ ಎಂದು ಗುಂಡಿ ಒತ್ತಿದ ಸದ್ದು. ಅವರ ಮಾತು ಅಲ್ಲಿಗೆ ಮುಗಿದಿತ್ತು. ಅದರ ಬೆನ್ನಿಗೇ, ಅಳಿಯದೇ ಉಳಿದ ಶೇಖರಣ್ಣನ ಹಳೆಯ ಸ್ವರದ ಬಾಲ ಒಂದು ಕೇಳಿತು, ಮೂಗು ಕಟ್ಟಿದ ಸ್ವರ: “... ಕಾಯ್ತಾ ಇರ್ತೇನೆ ರಾಜಿ.”

ಶೇಖರಣ್ಣ ಇಯರ್‌ಫೋನ್ ತೆಗೆಯದೆ ಕುಳಿತೇ ಇದ್ದರು. ಅವರಿಗೆ ದುಃಖವಾಯಿತು, ಸಂತೋಷವೂ ಆಯಿತು, ತಮ್ಮ ಮೇಲೆಯೇ ಸಿಟ್ಟು ಬಂತು. ಆರು ವರ್ಷ. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಂಡ ಉತ್ತರ ಬರಲಿಲ್ಲವೆಂದು ಅಲ್ಲಿ ಕೂತರು, ಹೆಂಡತಿ ಉತ್ತರ ಕೊಟ್ಟರೂ ಗಂಡ ಬರಲಿಲ್ಲವೆಂದು ಇಲ್ಲಿ ಕೂತರು. ಕರೆದರೂ ಬಾರದವನನ್ನು ಮತ್ತೆ ಕರೆಯಬಾರದೆಂದು ಹೆಂಗಸು ಹಟ ಹಿಡಿದರೆ ಅದರಲ್ಲಿ ಏನು ತಪ್ಪು.

ತಲೆ ಎತ್ತಿದಾಗ ರಾಜೀವಿಯಕ್ಕ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಸಳೆಯ ದಂಟಿತ್ತು.

“ನೀವು ಖಲೀಲನಲ್ಲಿಗೆ ಹೋದಾಗಲೇ ಅಂದುಕೊಂಡೆ. ಕತ್ತರಿಸಿ ಆಯ್ತಾ?” ಎಂದು ಕೇಳಿದರು.

“ಕತ್ತರಿಸಿದೆ. ವಾಪಸು ತಂದೆ.” ಶೇಖರಣ್ಣ ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದರು. “ನನಗೆ ಇದು ಬಂದೇ ಇರಲಿಲ್ಲ ರಾಜಿ. ಪಾರ್ಸೆಲಿನಲ್ಲಿ ಇರಲಿಲ್ಲ.”

“ಅತ್ತೆಯ ಪೆಟ್ಟಿಗೆಯಲ್ಲಿ ನೋಡಿದ ದಿನ ಗೊತ್ತಾಯ್ತು.”

“ಮತ್ತೆ ಹೇಳಲಿಲ್ಲ ಯಾಕೆ? ಬಿ ಸೈಡಿನಲ್ಲಿ ಉಪ್ಪಿನಕಾಯಿ ಬಿಟ್ಟರೆ ಏನಿಲ್ಲ ಅಂದೆ.”

“ಎಂತ ಹೇಳುವುದು? ಮೂವತ್ತು ವರ್ಷ ಮನಸ್ಸಿನಲ್ಲಿ ನಿಮಗೆ ಬೈದದ್ದನ್ನೆಲ್ಲ ವಾಪಸು ತೆಗೆದುಕೊಳ್ಳಬೇಕಲ್ಲ. ಅದಕ್ಕೆ ಒಂದು ವಾರವಾದರೂ ಬೇಡವಾ?” ರಾಜೀವಿಯಕ್ಕ ಮಂಚದ ತುದಿಯಲ್ಲಿ ಕೂತು ಪರದೆಯನ್ನು ನೋಡಿದರು. “ಇದರಲ್ಲಿ ನಾನು ಯಾವುದು?”

ಶೇಖರಣ್ಣ ನೀಲಿಯ ಮೇಲೆ ಬೆರಳಿಟ್ಟು ತೋರಿಸಿದರು. “ಇದು ನೀನು. ಈ ತುದಿಯಲ್ಲಿ ಚೂರು ಕಾಣ್ತದಲ್ಲ, ಅದು ನಾನು.”

“ನೀವು ಆಗಲೂ ಇಷ್ಟೇ ಮಾತಾಡಿದ್ದು” ಎಂದರು ರಾಜೀವಿಯಕ್ಕ. ಆದರೆ ಅವರ ಕಣ್ಣು ತುಂಬಿತ್ತು, ಅದನ್ನು ಒರೆಸಲು ಬಸಳೆಯ ಕೈ ಆಗುವುದಿಲ್ಲವೆಂದು ಭುಜಕ್ಕೆ ಮುಖ ಒತ್ತಿಕೊಂಡರು. “ಮಕ್ಕಳಿಗೆ ಇದು ಬೇಡ, ಆಯ್ತಾ?”

“ಮಕ್ಕಳಿಗೆ ಎಮ್ಮೆಯ ಕರುವಿನವರೆಗೆ ಸಾಕು.”

ಶೇಖರಣ್ಣ ಆ ಭಾಗವನ್ನು ಬೇರೆ ಫೈಲಿನಲ್ಲಿ ಹಾಕಿ ಅದಕ್ಕೆ ‘ನೂರು’ ಎಂದು ಹೆಸರಿಟ್ಟರು. ಸುಪ್ರೀತಾಳಿಗೆ ಕೊಡುವ ಫೈಲನ್ನು ತಮ್ಮ ಹಳೆಯ ಮಾತು ಮುಗಿದಲ್ಲಿಗೆ ನಿಲ್ಲಿಸಿ, ಬೆಸುಗೆ ಕೇಳಿ, ಉಳಿಸಿದರು. ಬೇರೆ ಯಾರಿಗೂ ಹೋಗದ ಹಾಗೆ ‘ನೂರು’ ಇದ್ದ ಪೆನ್‌ಡ್ರೈವನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. ಕೆಲಸ ಹೊಸದಾದ್ದರಿಂದ ಇಷ್ಟಕ್ಕೇ ಗಂಟೆ ಒಂದಾಯಿತು. ಅಡುಗೆಮನೆಯಲ್ಲಿ ತಟ್ಟೆ ಇಟ್ಟ ಸದ್ದು ಕೇಳಿತು, ಲೋಟಕ್ಕೆ ನೀರು ಬಿದ್ದ ಸದ್ದು ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಶೇಖರಣ್ಣ ಕಾದರು. ಎಣಿಸಬಾರದೆಂದುಕೊಂಡರೂ ಒಂದು, ಎರಡು ಎಂದು ಮನಸ್ಸು ಎಣಿಸತೊಡಗಿತ್ತು.

ಎಣಿಕೆ ಹನ್ನೆರಡಕ್ಕೆ ಮುಟ್ಟಿದಾಗ ರಾಜೀವಿಯಕ್ಕನ ಸ್ವರ ಬಂತು.

“ಊಟಕ್ಕೆ ಬನ್ನಿ.”